ದುಡಿಮೆ ಮಕ್ಕಳ ಮೈಗೆ ಏನು ಮಾಡುತ್ತದೆ?

"ನಾವೇನು ಚಿಕ್ಕ ವಯಸ್ಸಲ್ಲಿ ಗೆಯ್ಲಿಲ್ವಾ? ಗೆಯ್ದ್ರೆ ಮೈ ಗಟ್ಟಿಯಾಯ್ತದೆ ಬುಡು." ಮಂಡ್ಯ ಸೀಮೆಯಲ್ಲಿ ಮಕ್ಕಳ ದುಡಿಮೆಯ ಮಾತೆತ್ತಿದರೆ ಹಿರಿಯರು ಸಾಮಾನ್ಯವಾಗಿ ಹೀಗೇ ಹೇಳುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ಹಾಗಾಗಿಯೇ ಇದಕ್ಕೆ ಉತ್ತರ ಹೇಳುವುದು ಕಷ್ಟ.

ಪ್ರತಿ ವರ್ಷ ಜೂನ್ ಬಂದಾಗ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ. ಶಾಲೆಗಳು ಆಗ ತಾನೇ ಶುರುವಾಗಿರುತ್ತವೆ. ಬೇಸಿಗೆ ರಜೆಯಲ್ಲಿ "ಸುಮ್ನೆ ಮನೇಲಿ ಕೂತು ಏನ್ಮಾಡ್ತಾನೆ" ಅಂತ ಗ್ಯಾರೇಜಿಗೋ ಇಟ್ಟಿಗೆ ಗೂಡಿಗೋ ಕಳಿಸಿದ ಹುಡುಗ ತರಗತಿಗೆ ವಾಪಸು ಬಂದಿರುವುದಿಲ್ಲ. ಜೂನ್ 12ರಂದು ವಿಶ್ವ ಬಾಲಕಾರ್ಮಿಕ ವಿರೋಧಿ ದಿನ. ಅವತ್ತು ಜಾಥಾ ನಡೆಯುತ್ತದೆ, ಪ್ರತಿಜ್ಞೆ ಆಗುತ್ತದೆ. ಭಾಷಣದಲ್ಲಿ ಕಾನೂನು ಬರುತ್ತದೆ, ಓದು ಹಾಳಾಗುವ ಮಾತು ಬರುತ್ತದೆ. ಆ ಹುಡುಗನ ಮೂಳೆ, ಎತ್ತರ, ಶ್ವಾಸಕೋಶಕ್ಕೆ ಏನಾಗುತ್ತದೆ ಅನ್ನುವುದು ಮಾತ್ರ ಅಷ್ಟಾಗಿ ಬರುವುದಿಲ್ಲ. ಈ ಲೇಖನ ಅದರ ಬಗ್ಗೆ.

ಯಾವ ಕೆಲಸ, ಯಾವ ವಯಸ್ಸು

ಶಾಲೆ ಮುಗಿಸಿ ಬಂದು ಹಸುವಿಗೆ ಒಂದು ಹೊರೆ ಹುಲ್ಲು ತರುವ ಹುಡುಗಿಯನ್ನು ಯಾರೂ ಬಾಲಕಾರ್ಮಿಕಳು ಅನ್ನುವುದಿಲ್ಲ. ಬಾಲಕಾರ್ಮಿಕ ಕಾಯ್ದೆ ಬಂದದ್ದು 1986ರಲ್ಲಿ. 2016ರಲ್ಲಿ ಅದನ್ನು ತಿದ್ದಿದರು. ಈಗಿನ ನಿಯಮದಂತೆ 14 ವರ್ಷ ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕೆಲಸಕ್ಕೆ ಕೈಜೋಡಿಸಬಹುದು. ಬಾಲ ಕಲಾವಿದರಿಗೂ ಷರತ್ತಿನ ಮೇಲೆ ವಿನಾಯಿತಿ ಇದೆ. 14ರಿಂದ 18ರವರೆಗಿನವರನ್ನು ಕಾನೂನು 'ಕಿಶೋರ'ರು ಎಂದು ಕರೆಯುತ್ತದೆ. ಗಣಿ, ಸಿಡಿಮದ್ದು, ಅಪಾಯಕಾರಿ ತಯಾರಿಕೆ ಇವರಿಗೆ ನಿಷಿದ್ಧ. ನಿಯಮ ಮೀರಿದ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಕಾನೂನಿನ ಈ 14, 18 ಎಂಬ ಗೆರೆಗಳಿಗೂ ಮೈ ಬೆಳೆಯುವ ರೀತಿಗೂ ಸಾಕಷ್ಟು ಹೊಂದಾಣಿಕೆ ಇದೆ.

ಮೂಳೆ ಉದ್ದವಾಗುವ ಜಾಗ

ಮಕ್ಕಳ ಕೈಕಾಲಿನ ಉದ್ದ ಮೂಳೆಗಳ ತುದಿಯ ಹತ್ತಿರ ಮೆದು ಮೂಳೆಯ ತೆಳುವಾದ ಪದರ ಇರುತ್ತದೆ. ವೈದ್ಯರು ಇದನ್ನು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಇಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಸಾಲುಗಟ್ಟಿ, ಆಮೇಲೆ ಗಟ್ಟಿ ಮೂಳೆಯಾಗುತ್ತವೆ. ಹೀಗೆ ಕಾಲು ಉದ್ದವಾಗುತ್ತದೆ. ಹುಡುಗಿಯರಲ್ಲಿ ಸುಮಾರು 14ರಿಂದ 16, ಹುಡುಗರಲ್ಲಿ 16ರಿಂದ 18 ವರ್ಷದ ಹೊತ್ತಿಗೆ ಈ ಪದರವೂ ಗಟ್ಟಿ ಮೂಳೆಯಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ ಮೇಲೆ ಎಷ್ಟು ಹಾಲು ಕುಡಿದರೂ, ಯಾವ ಟಾನಿಕ್ ನುಂಗಿದರೂ ಒಂದು ಇಂಚು ಎತ್ತರವೂ ಸೇರುವುದಿಲ್ಲ. ಟೀವಿ ಜಾಹೀರಾತು ಏನೇ ಹೇಳಲಿ.

ಶಾಲೆಗೆ ಸೇರಿದ ಮೇಲೆ ಮಕ್ಕಳು ವರ್ಷಕ್ಕೆ 5–6 ಸೆಂಟಿಮೀಟರ್ ಬೆಳೆಯುತ್ತಾರೆ. ಆಮೇಲೆ ಒಂದು ಜಿಗಿತ ಬರುತ್ತದೆ. ಹುಡುಗಿಯರಿಗೆ 11–12ರ ಸುಮಾರಿಗೆ, ಹುಡುಗರಿಗೆ 13–14ರ ಸುಮಾರಿಗೆ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಏರುವುದೂ ಉಂಟು. ದೊಡ್ಡವರಾದಾಗ ಮೂಳೆಯಲ್ಲಿ ಇರಬೇಕಾದ ಖನಿಜಾಂಶದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಈ ಜಿಗಿತದ ಆಸುಪಾಸಿನ ಎರಡು ವರ್ಷಗಳಲ್ಲೇ ಸೇರುತ್ತದೆ.

ಈಗ ನಮ್ಮ ಕಡೆ ಮಕ್ಕಳು ಶಾಲೆ ಬಿಟ್ಟು ಕೆಲಸಕ್ಕೆ ಹೋಗುವ ವಯಸ್ಸು ನೆನಪು ಮಾಡಿಕೊಳ್ಳಿ. ಏಳನೇ ಕ್ಲಾಸು, ಎಂಟನೇ ಕ್ಲಾಸು. ಅಂದರೆ 12, 13. ಮೈಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗುವ ಹೊತ್ತಿಗೇ ಮೈಯಿಂದ ಕಿತ್ತುಕೊಳ್ಳುವುದೂ ಶುರುವಾಗುತ್ತದೆ.

ಊಟದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಭಾರತೀಯರಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಎಂದು ಪಟ್ಟಿ ಮಾಡಿತು. ಕೂತು ಕೆಲಸ ಮಾಡುವ ಗಂಡಸಿಗೆ 2,110. ಮಧ್ಯಮ ಶ್ರಮದ ಗಂಡಸಿಗೆ 2,710. ಅದೇ 13ರಿಂದ 15 ವರ್ಷದ ಹುಡುಗನಿಗೆ 2,860. ಹುಡುಗಿಗೆ 2,400. ಓಡಾಡಿಕೊಂಡು, ಆಟ ಆಡಿಕೊಂಡು, ಶಾಲೆಗೆ ಹೋಗುವ ಹುಡುಗನಿಗೇ ದೊಡ್ಡವನೊಬ್ಬನಿಗಿಂತ ಜಾಸ್ತಿ ಊಟ ಬೇಕು ಅಂತಾಯಿತು. ಇನ್ನು ಇಟ್ಟಿಗೆ ಹೊರುವ ಕೆಲಸ ಕೂತು ಪಾಠ ಕೇಳುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಶಕ್ತಿ ತಿನ್ನುತ್ತದೆ. ಬೆಳಿಗ್ಗೆ ಟೀ-ಬನ್ನು, ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ, ರಾತ್ರಿ ಮುದ್ದೆ-ಸಾರು. ಇದರಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ.

ಸರಿಹೋಗದಿದ್ದಾಗ ಮೈ ಎಲ್ಲಿ ಕಡಿತ ಮಾಡುತ್ತದೆ? ಇದನ್ನು ಕಾವೇರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆ.ಆರ್.ಎಸ್.ನಲ್ಲಿ ನೀರು ಕಮ್ಮಿಯಾದಾಗ ಮೊದಲು ಕುಡಿಯುವ ನೀರು. ಆಮೇಲೆ ಉಳಿದದ್ದು ನಾಲೆಗೆ. ವಿಶ್ವೇಶ್ವರಯ್ಯ ನಾಲೆಯ ಮೊದಲ ಊರುಗಳಿಗೆ ಹೇಗೋ ಸಿಗುತ್ತದೆ. ಒಣಗುವುದು ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ಗದ್ದೆ. ಮೈಯಲ್ಲೂ ಹೃದಯ, ಮಿದುಳು, ಉಸಿರಾಟಕ್ಕೆ ಮೊದಲ ಪಾಲು. ಆ ಹೊತ್ತಿನ ಕೆಲಸಕ್ಕೆ ಮಾಂಸಖಂಡ ಎಳೆದುಕೊಳ್ಳುವುದು ಎರಡನೇ ಪಾಲು. ಬೆಳವಣಿಗೆ ಕೊನೆ ಭಾಗದ ಗದ್ದೆ.

ಆಶ್ಚರ್ಯವೆಂದರೆ ಬೆಳವಣಿಗೆಗೆ ಅಂತಲೇ ಹೋಗುವ ಶಕ್ತಿ ತೀರಾ ಕಮ್ಮಿ. ಒಂದೆರಡು ವರ್ಷದ ಮಗುವಿನಿಂದ ಹದಿಹರೆಯದ ನಡುವಿನವರೆಗೂ ಒಟ್ಟು ಖರ್ಚಿನಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಮಾತ್ರ. ಅಷ್ಟು ಕಮ್ಮಿ ಆದಮೇಲೆ ಅದನ್ನೇಕೆ ಮೈ ನಿಲ್ಲಿಸುತ್ತದೆ? ಕೊರತೆ ಮುಂದುವರಿದರೆ ಪಿತ್ತಜನಕಾಂಗ ಐಜಿಎಫ್-1 ಎಂಬ ಪ್ರೋಟೀನನ್ನು ಕಮ್ಮಿ ತಯಾರಿಸುತ್ತದೆ. ಗ್ರೋತ್ ಪ್ಲೇಟ್‌ಗೆ 'ಬೆಳಿ' ಎಂದು ಹೇಳುವ ಮುಖ್ಯ ಸಂದೇಶ ಅದು. ಸಂದೇಶ ನಿಂತರೆ ಮೂಳೆ ಉದ್ದವಾಗುವುದು ನಿಧಾನವಾಗುತ್ತದೆ. ಬದುಕಿಗೆ ತಕ್ಷಣ ಬೇಡದ್ದನ್ನು ಮುಂದಕ್ಕೆ ಹಾಕುವುದು ಮೈಗೆ ಜಾಣತನವೇ. ತೊಂದರೆ ಏನೆಂದರೆ ಗ್ರೋತ್ ಪ್ಲೇಟ್ ಅಷ್ಟು ವರ್ಷ ಕಾಯುವುದಿಲ್ಲ.

ಕ್ಯಾಲೊರಿ ಒಂದೇ ಸಾಕಾಗುವುದೂ ಇಲ್ಲ. ಪ್ರೋಟೀನ್, ಕಬ್ಬಿಣ, ಸತು, ಕ್ಯಾಲ್ಸಿಯಂ ಬೇಕು. ಅನ್ನ ಹೊಟ್ಟೆ ತುಂಬಿಸುತ್ತದೆ, ಇವನ್ನು ಅಷ್ಟಾಗಿ ಕೊಡುವುದಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ ಅನ್ನುವುದು ನಮ್ಮ ಕಡೆಯ ಮಕ್ಕಳಿಗೆ ಒಂದು ಸಮಾಧಾನ.

ಶಾಲೆಯ ಜೊತೆಗೆ ತಟ್ಟೆಯೂ ಹೋಗುತ್ತದೆ

ಶಾಲೆ ಬಿಟ್ಟರೆ ಓದು ಹೋಯಿತು ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ನನಗನ್ನಿಸುವುದು, ಬೆಳವಣಿಗೆಯ ಮಟ್ಟಿಗೆ ಶಾಲೆಯ ಅಡುಗೆಮನೆ ಪಾಠದಷ್ಟೇ ದೊಡ್ಡದು. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೇ ತರಗತಿಯವರಿಗೆ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರರಿಂದ ಎಂಟರವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. 13 ವರ್ಷದ ಹುಡುಗನಿಗೆ ಬೇಕಾದುದರಲ್ಲಿ ಇದು ಸುಮಾರು ಕಾಲು ಭಾಗ. ಕರ್ನಾಟಕದಲ್ಲಿ ಈ ಊಟ ಹತ್ತನೇ ತರಗತಿವರೆಗೂ ಇದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿದೆ. ಮೊಟ್ಟೆ ಇದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

ಇದರ ಜೊತೆಗೆ ಸದ್ದಿಲ್ಲದೆ ನಡೆಯುವ ಕೆಲಸಗಳಿವೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ. ಜಂತುಹುಳುವಿನ ಮಾತ್ರೆ. ಎತ್ತರ, ತೂಕ, ಕಣ್ಣು, ಹಲ್ಲು ನೋಡುವ ಆರೋಗ್ಯ ತಪಾಸಣೆ. ಹೊಟ್ಟೆಯಲ್ಲಿ ಜಂತು ಇದ್ದರೆ ತಿಂದ ಊಟದ ಪಾಲು ಅದಕ್ಕೂ ಹೋಗುತ್ತದೆ, ರಕ್ತ ಕಮ್ಮಿಯಾಗುತ್ತದೆ. ಗ್ಯಾರೇಜಿಗೆ ಹೋದ ಹುಡುಗನಿಗೆ ಈ ಯಾವುದೂ ಸಿಗುವುದಿಲ್ಲ. ಅವನ ಎತ್ತರ ನಿಂತುಹೋಗಿದೆ ಎಂದು ಗಮನಿಸುವವರೂ ಇರುವುದಿಲ್ಲ.

ನಿದ್ದೆ

ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಗ್ರೋತ್ ಹಾರ್ಮೋನ್ ಬಿಡುವುದು ಹೆಚ್ಚಾಗಿ ರಾತ್ರಿಯ ಗಾಢ ನಿದ್ದೆಯಲ್ಲಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹೋಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಟೇಬಲ್ ಒರೆಸಿ, ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವ ಹುಡುಗನಿಗೆ ಆರು ಗಂಟೆಯೂ ಸಿಗುವುದಿಲ್ಲ. ಕಿಶೋರರಿಂದ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ, ಮೂರು ಗಂಟೆಗೊಮ್ಮೆ ಒಂದು ಗಂಟೆ ಬಿಡುವು ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ.

ಗರಡಿ ಹುಡುಗನಿಗೆ ಆಗದ್ದು ಇವನಿಗೆ ಯಾಕೆ?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಮೈಸೂರಿನ ಗರಡಿಗಳಲ್ಲಿ ಚಿಕ್ಕ ಹುಡುಗರು ದಂಡ, ಬೈಠಕ್ ಹೊಡೆಯುತ್ತಾರೆ, ಮಣ್ಣು ಅಗೆಯುತ್ತಾರೆ. ಅವರೇನು ಕುಳ್ಳಗಾಗುತ್ತಾರಾ?

ಆಗುವುದಿಲ್ಲ. ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ. ಮೂಳೆಗೆ ಹಿತವಾದ ಒತ್ತಡ ಬಿದ್ದರೆ ಅದು ಗಟ್ಟಿಯಾಗುತ್ತದೆ. ಹಿರಿಯರ ಮಾತಿನಲ್ಲಿರುವ ಅರ್ಧ ಸತ್ಯ ಇದೇ. ಆದರೆ ಗರಡಿಯಲ್ಲಿ ಉಸ್ತಾದ್ ಇರುತ್ತಾರೆ. ಹುಡುಗನ ಅಳತೆ ನೋಡಿ ಸಾಮು ಮಾಡಿಸುತ್ತಾರೆ. ಬೇರೆ ಬೇರೆ ಅಂಗಕ್ಕೆ ಬೇರೆ ಬೇರೆ ಸಾಮು. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಹಾಲು, ಬಾದಾಮಿ, ನಿದ್ದೆ. ಸುಸ್ತಾದರೆ ನಿಲ್ಲಿಸಬಹುದು.

ಇಟ್ಟಿಗೆ ಗೂಡಿನಲ್ಲಿ ನಿಲ್ಲಿಸುವಂತಿಲ್ಲ. ಅದೇ ಭಾರ, ಅದೇ ಕುತ್ತಿಗೆ, ಅದೇ ಸೊಂಟ, ದಿನವಿಡೀ. ಮಾಂಸಖಂಡ ಸೋತ ಮೇಲೆ ಆ ಭಾರ ಕೀಲು ಮತ್ತು ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಮೂಳೆ ಗಟ್ಟಿಯಾಗುವುದು ಒತ್ತಡ ಬಿದ್ದಾಗ ಅಲ್ಲ, ಬಿಡುವಿನಲ್ಲಿ ರಿಪೇರಿ ಆಗುವಾಗ. ಬಿಡುವೇ ಇಲ್ಲದಿದ್ದರೆ ಸವೆತ ಮಾತ್ರ ಉಳಿಯುತ್ತದೆ.

ಭಾರ ಎತ್ತದ ಕೆಲಸದಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿದೆ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹುಡುಗಿ ನೆಲದ ಮೇಲೆ ಕಾಲು ಮಡಚಿ, ಬೆನ್ನು ಬಗ್ಗಿಸಿ, ಗಂಟೆಗಟ್ಟಲೆ ಕೂರುತ್ತಾಳೆ. ಬೆಳೆಯುವ ಬೆನ್ನಿಗೆ ಓಟ, ಜಿಗಿತ ಬೇಕು. ಬಿಸಿಲು ತಾಗದಿದ್ದರೆ ಡಿ ವಿಟಮಿನ್ ಕೂಡ ಕಮ್ಮಿ. ಮಚ್ಚು, ಗುದ್ದಲಿ, ಸ್ಪ್ಯಾನರ್ ಎಲ್ಲವೂ ದೊಡ್ಡವರ ಕೈಗೆ ಮಾಡಿದವು. ಚಿಕ್ಕ ಕೈಯಲ್ಲಿ ಜಾರುತ್ತವೆ. ಮಕ್ಕಳ ಮೂಳೆ ಮುರಿತಗಳಲ್ಲಿ ಸುಮಾರು ನೂರಕ್ಕೆ 15ರಿಂದ 30 ಗ್ರೋತ್ ಪ್ಲೇಟ್‌ಗೆ ತಾಗುತ್ತವೆ. ಹೆಚ್ಚಿನವು ಸರಿಯಾಗಿ ಕೂಡಿಕೊಳ್ಳುತ್ತವೆ. ಚಿಕಿತ್ಸೆ ತಡವಾದರೆ ಅಥವಾ ಪೆಟ್ಟು ಜೋರಾಗಿದ್ದರೆ ಆ ಕೈ ಅಥವಾ ಕಾಲು ಗಿಡ್ಡವಾಗಿ ಇಲ್ಲವೇ ಸೊಟ್ಟಗೆ ಬೆಳೆಯಬಹುದು. "ಉಳುಕಿರ್ಬೇಕು, ಎಣ್ಣೆ ತಿಕ್ಕು" ಅಂತ ಕೆಲಸ ಮುಂದುವರಿಸುವ ಕಡೆ ಈ ಅಪಾಯ ಜಾಸ್ತಿ.

ಹೊಗೆಸೊಪ್ಪು, ದೂಳು, ಸೀಸ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಂಬಾಕು ಬೆಳೆಯುವ ಸೀಮೆ. ಎಲೆ ಕಿತ್ತು, ಕಡ್ಡಿಗೆ ಕಟ್ಟಿ, ಎಲೆ ಒಣಗಿಸುವ ಮನೆಯಾದ ಬ್ಯಾರನ್‌ಗೆ ಏರಿಸುವ ಕೆಲಸ ಮಳೆಗಾಲದಲ್ಲಿ ಜೋರು. ಒದ್ದೆ ಎಲೆ ಮುಟ್ಟಿದಾಗ ಅದರ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ತಲೆಸುತ್ತು, ವಾಂತಿ, ತಲೆನೋವು ಬರುತ್ತದೆ. ಇದಕ್ಕೆ ಹಸಿ ತಂಬಾಕು ಕಾಯಿಲೆ ಅನ್ನಬಹುದು. ಬೀಡಿ-ಸಿಗರೇಟು ಮುಟ್ಟದ ಮಗುವಿಗೂ ಇದು ಬರುತ್ತದೆ. ಮಗುವಿನ ತೂಕ ಕಮ್ಮಿ, ಅದಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಹಾಗಾಗಿ ಒಳಹೋಗುವ ವಿಷವೂ ಲೆಕ್ಕದಲ್ಲಿ ಜಾಸ್ತಿ. ಇನ್ನೊಂದು ವಿಷಯ, ನಿಕೋಟಿನ್ ಹಸಿವನ್ನು ಸಾಯಿಸುತ್ತದೆ. ವಾಂತಿ ಮಾಡಿಕೊಂಡ ಮಗು ರಾತ್ರಿ ಊಟ ಬೇಡ ಅನ್ನುತ್ತದೆ. ಮೇಲೆ ಹೇಳಿದ ಊಟದ ಲೆಕ್ಕ ಇನ್ನಷ್ಟು ಕೆಡುತ್ತದೆ.

ಉಸಿರಿನದೂ ಹೀಗೇ. ಮಕ್ಕಳು ತಮ್ಮ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಶ್ವಾಸಕೋಶ ಇಪ್ಪತ್ತರ ಹತ್ತಿರದವರೆಗೂ ಬೆಳೆಯುತ್ತಲೇ ಇರುತ್ತದೆ. ಇದ್ದಿಲ ಪುಡಿ, ಬೀಡಿ ದೂಳು, ಗೂಡಿನ ಹೊಗೆಯಲ್ಲಿ ಆ ವರ್ಷಗಳು ಕಳೆದರೆ ಅದು ಮುಟ್ಟಬೇಕಾದ ಸಾಮರ್ಥ್ಯ ಮುಟ್ಟುವುದಿಲ್ಲ.

ಗ್ಯಾರೇಜಿನಲ್ಲಿ ಹಳೇ ಬ್ಯಾಟರಿ, ಹಳೇ ಪೇಂಟು ಉಜ್ಜುವ ಕಡೆ ಸೀಸ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕೈ ತೊಳೆಯದೆ ಬನ್ನು ತಿಂದರೆ ಸಾಕು. ಅದು ಮೂಳೆಯಲ್ಲಿ ಹೋಗಿ ಕೂರುತ್ತದೆ, ವರ್ಷಗಟ್ಟಲೆ. ರಕ್ತ ತಯಾರಾಗುವುದಕ್ಕೂ ಮಿದುಳಿಗೂ ತೊಂದರೆ ಕೊಡುತ್ತದೆ.

ಆಲೆಮನೆಯ ಕೊಪ್ಪರಿಗೆ ಮುಂದೆ, ಇಟ್ಟಿಗೆ ಗೂಡಿನ ಪಕ್ಕ ಮಕ್ಕಳ ಮೈ ಬೇಗ ಕಾಯುತ್ತದೆ. ಅವರು ದೊಡ್ಡವರಷ್ಟು ಬೆವರುವುದಿಲ್ಲ. ಸುಟ್ಟ ಗಾಯದ ಭಯವಂತೂ ಇದ್ದೇ ಇದೆ.

ಹುಡುಗಿಯರ ಲೆಕ್ಕ ಬೇರೆ

ಹುಡುಗಿಯರ ಬೆಳವಣಿಗೆಯ ಜಿಗಿತ ಬೇಗ ಬರುತ್ತದೆ, ಬೇಗ ಮುಗಿಯುತ್ತದೆ. ಅವರ ದುಡಿಮೆ ಹೆಚ್ಚಾಗಿ ಮನೆಯೊಳಗೆ: ಪಾತ್ರೆ, ನೀರು, ತಮ್ಮ-ತಂಗಿಯರನ್ನು ಎತ್ತಿಕೊಳ್ಳುವುದು, ಬೇರೆಯವರ ಮನೆಗೆಲಸ. 14 ತುಂಬದವರನ್ನು ಮನೆಗೆಲಸಕ್ಕೂ ಹೋಟೆಲಿಗೂ ಇಟ್ಟುಕೊಳ್ಳಬಾರದು ಎಂಬ ನಿಷೇಧ 2006ರ ಅಕ್ಟೋಬರ್ 10ರಿಂದಲೇ ಇದೆ. ಆದರೂ ನಾಲ್ಕು ಗೋಡೆಯ ನಡುವೆ ಯಾರಿಗೆ ಕಾಣುತ್ತದೆ? ಮುಟ್ಟು ಶುರುವಾದ ಮೇಲೆ ಕಬ್ಬಿಣಾಂಶ ಇನ್ನೂ ಜಾಸ್ತಿ ಬೇಕು. ಸಿಗದಿದ್ದರೆ ರಕ್ತಹೀನತೆ. ಕುಳ್ಳಗೆ, ರಕ್ತ ಕಮ್ಮಿಯಾಗಿ ಉಳಿದ ಹುಡುಗಿ ಮುಂದೆ ತಾಯಿಯಾದಾಗ ಹೆರಿಗೆ ಕಷ್ಟವಾಗುವ, ಮಗು ಕಮ್ಮಿ ತೂಕಕ್ಕೆ ಹುಟ್ಟುವ ಸಂಭವ ಹೆಚ್ಚು.

ಬಡತನವೋ, ದುಡಿಮೆಯೋ?

ಇದು ಸಂಶೋಧಕರಿಗೂ ತಲೆನೋವಾದ ಪ್ರಶ್ನೆ. ದುಡಿಯುವ ಮಕ್ಕಳು ಬಡವರ ಮನೆಯಿಂದ ಬರುತ್ತಾರೆ. ಅವರು ಕೆಲಸಕ್ಕೆ ಸೇರುವ ಮುಂಚೆಯೇ ಕುಳ್ಳಗಿರಬಹುದಲ್ವಾ?

ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಕುಂಠಿತ ಅಂದರೆ ಇಷ್ಟು: ಒಂದೇ ವಯಸ್ಸಿನ ನೂರು ಆರೋಗ್ಯವಂತ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದರೆ ತೀರಾ ಕೊನೆಯ ಎರಡು-ಮೂರು ಮಕ್ಕಳ ಮಟ್ಟ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 12 ವರ್ಷದ ಹುಡುಗನ ನಡುಮಟ್ಟದ ಎತ್ತರ ಸುಮಾರು 149 ಸೆಂಟಿಮೀಟರ್. 135ರ ಆಸುಪಾಸಿಗಿಂತ ಕೆಳಗಿದ್ದರೆ ಕುಂಠಿತ.

ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೈದರಾಬಾದ್ ಸುತ್ತಲಿನ ಹಳ್ಳಿಗಳ ಹುಡುಗರನ್ನು ಐದನೇ ವರ್ಷದಿಂದ ದೊಡ್ಡವರಾಗುವವರೆಗೆ ಅಳೆಯುತ್ತಾ ಬಂದರು. 1986ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬಾಲ್ಯದ ಅಪೌಷ್ಟಿಕತೆಯ ಮೇಲೆ ದುಡಿಮೆಯೂ ಸೇರಿದಾಗ ಬೆಳವಣಿಗೆ ಇನ್ನಷ್ಟು ಹಿಂದೆ ಬಿತ್ತು. ಆದರೆ ಎಲ್ಲ ಕಡೆ ಇಷ್ಟು ಸ್ಪಷ್ಟ ಉತ್ತರ ಸಿಕ್ಕಿಲ್ಲ. ವಿಯೆಟ್ನಾಂನ ಹಳ್ಳಿ ಮಕ್ಕಳ ಮೇಲಿನ, 2005ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ದುಡಿಮೆಯ ತೊಂದರೆ ಕೆಲಸ ಮಾಡುವಾಗ ಅಷ್ಟಾಗಿ ಕಾಣಲಿಲ್ಲ. ವರ್ಷಗಳ ನಂತರ ಕಾಯಿಲೆಯ ರೂಪದಲ್ಲಿ ಕಂಡಿತು. ಒಂದು ಕಾರಣ ಊಹಿಸುವುದು ಸುಲಭ. ಕೆಲಸಕ್ಕೆ ಮೊದಲು ಹೋಗುವುದು ಮನೆಯಲ್ಲಿ ಗಟ್ಟಿಮುಟ್ಟಾಗಿರುವ ಮಗು. ಅವನ ದುಡ್ಡಿನಿಂದ ಮನೆಗೆ ಒಂದಿಷ್ಟು ಅಕ್ಕಿ-ಬೇಳೆಯೂ ಬರುತ್ತದೆ. ಕೆಲಸ ಯಾವುದು, ಎಷ್ಟು ಗಂಟೆ, ಊಟ ಎಷ್ಟು ಎಂಬುದರ ಮೇಲೆ ಹಾನಿಯ ಪ್ರಮಾಣ ಬದಲಾಗುತ್ತದೆ.

"ನಾವೂ ಗೆಯ್ದೇ ದೊಡ್ಡವರಾಗಿದ್ದು" ಎಂಬ ಮಾತಿಗೂ ಇಲ್ಲೇ ಉತ್ತರ ಇದೆ. ಆ ಮಾತು ಹೇಳಲು ಉಳಿದವರು ಗಟ್ಟಿಗರು. ಜೊತೆಗೆ, ತಾವು ಇನ್ನೆಷ್ಟು ಎತ್ತರ ಬೆಳೆಯುತ್ತಿದ್ದೆವು ಎಂದು ಯಾರಿಗೆ ಗೊತ್ತಿರುತ್ತದೆ?

ಬಿಟ್ಟುಹೋದ ಎತ್ತರ ವಾಪಸು ಬರುತ್ತದೆಯೇ?

ಸ್ವಲ್ಪ ಮಟ್ಟಿಗೆ ಬರುತ್ತದೆ. ಕೆಲಸ ನಿಂತು, ಊಟ-ನಿದ್ದೆ ಸಿಕ್ಕರೆ ಮಕ್ಕಳು ವಯಸ್ಸಿಗಿಂತ ಜೋರಾಗಿ ಬೆಳೆಯುವುದುಂಟು. ಕೊರತೆಯಲ್ಲಿದ್ದ ಮಕ್ಕಳಲ್ಲಿ ಪ್ರೌಢಾವಸ್ಥೆ ತಡವಾಗಿ ಬರುವುದರಿಂದ ಗ್ರೋತ್ ಪ್ಲೇಟ್ ಮುಚ್ಚುವುದೂ ತಡವಾಗಬಹುದು. ಅಷ್ಟರ ಮಟ್ಟಿಗೆ ಹೆಚ್ಚು ಸಮಯ ಸಿಗುತ್ತದೆ. 11ಕ್ಕೆ ಕೆಲಸದಿಂದ ಹೊರಬಂದ ಮಗುವಿಗೆ ಇರುವ ಅವಕಾಶ 16ಕ್ಕೆ ಬಂದವನಿಗೆ ಇರುವುದಿಲ್ಲ. ಎಷ್ಟು ಸಮಯ ಉಳಿದಿದೆ ಎಂದು ತಿಳಿಯಲು ವೈದ್ಯರು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಕಾಣುವುದು ಮೂಳೆಯ ವಯಸ್ಸು. ಅದು ಹುಟ್ಟಿದ ದಿನದ ಲೆಕ್ಕಕ್ಕೆ ಸರಿಯಾಗಿ ಕೂಡಬೇಕೆಂದಿಲ್ಲ.

"ನೋಡೋಕೆ ಚಿಕ್ಕವ್ನು, ವಯಸ್ಸಾಗಿದೆ ಸಾರ್"

ಕಾರ್ಮಿಕ ಇಲಾಖೆಯವರು ತಪಾಸಣೆಗೆ ಹೋದಾಗ ಕೇಳಿಬರುವ ಮಾತು ಇದು. ಎತ್ತರ ನಿಂತುಹೋದ 15ರ ಹುಡುಗ 12ರವನಂತೆ ಕಾಣುವುದು ನಿಜವೇ. ಹಾಗಾಗಿ 12ರವನನ್ನು 15ರವನೆಂದು ದಾಟಿಸುವುದೂ ಸುಲಭ. ಇದಕ್ಕೆ 2015ರ ಬಾಲ ನ್ಯಾಯ ಕಾಯ್ದೆ ಒಂದು ಕ್ರಮ ಹಾಕಿಕೊಟ್ಟಿದೆ. ಮೊದಲು ನೋಡಬೇಕಾದ್ದು ಶಾಲೆಯ ದಾಖಲೆ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯ್ತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಊಟ ಕಾಣದ ಮೂಳೆ ತನ್ನ ವಯಸ್ಸನ್ನು ಕಮ್ಮಿ ತೋರಿಸಬಹುದು ಎನ್ನುವುದನ್ನು ನೆನೆದರೆ ಈ ಕ್ರಮ ಸರಿಯಾಗಿಯೇ ಇದೆ ಅನಿಸುತ್ತದೆ.

ದುಡಿಯುತ್ತಿರುವ ಮಗುವನ್ನು ಕಂಡವರು ಇಷ್ಟೆಲ್ಲ ತಿಳಿದುಕೊಂಡಿರಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಜಾಗ ಹೇಳಿದರೆ ಸಾಕು. ಕರೆಗೆ ದುಡ್ಡಿಲ್ಲ, ಹಗಲು-ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಮಗುವಿನ ವಯಸ್ಸನ್ನು ಸಾಬೀತು ಮಾಡುವ ಹೊಣೆ ಕರೆ ಮಾಡಿದವರದ್ದಲ್ಲ.